ಯಾವ ದಂಡೆಗೆ ಯಾವ ದುರ್ಬೀನು

ಅಂಗಡಿಯಲ್ಲಿ ದುರ್ಬೀನು ಕೈಗೆತ್ತಿಕೊಂಡವರು ನಮ್ಮ ಕಡೆ ಮೊದಲು ಕೇಳುವ ಮಾತು, ‘ಇದರಾಗ ಎಷ್ಟ ದೂರ ಕಾಣ್ತದ್ರೀ?’ ಮಾರುವವರು ಮೂರು ಕಿಲೋಮೀಟರ್ ಎನ್ನುತ್ತಾರೆ, ಐದು ಎನ್ನುತ್ತಾರೆ. 3.84 ಲಕ್ಷ ಕಿಲೋಮೀಟರ್ ಆಚೆಗಿರುವ ಚಂದ್ರ ಬರಿಗಣ್ಣಿಗೇ ಕಾಣುತ್ತಾನೆ. ಹೀಗಿರುವಾಗ ದೂರದ ಲೆಕ್ಕದಿಂದ ದುರ್ಬೀನಿನ ಗುಣ ತಿಳಿಯುವುದು ಹೇಗೆ? ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಮೊದಲ ದುರ್ಬೀನು ಕೊಳ್ಳುವ ಮುನ್ನ ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಬೇರೆ. ನಾನು ಯಾವ ಹೊಳೆಯ ಯಾವ ದಂಡೆಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುವವನು? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಇದನ್ನು ಈಗ ಬರೆಯಲು ಕಾರಣ ನಮ್ಮ ಹಿನ್ನೀರುಗಳು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ಅದು ಹೊಲಕ್ಕೆ ನೀರು ಕೊಡುವ ಯೋಜನೆ, ಅಷ್ಟೆ. ಆ ನೀರಿಗೆ ಹೊಲ ಮನೆ ಬಿಟ್ಟುಕೊಟ್ಟ ಹಳ್ಳಿಗಳ ಸಂಕಟ ಇನ್ನೂ ಆರಿಲ್ಲ. ಅದೇ ನೀರಿನ ಅಂಚಿಗೆ ಇಂದು ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ, ಟಿಬೆಟ್ಟಿನಿಂದ, ಮಂಗೋಲಿಯಾದಿಂದ ಹಕ್ಕಿಗಳು ಬಂದಿಳಿಯುತ್ತವೆ. ಪಟ್ಟೆತಲೆ ಹೆಬ್ಬಾತು, ಚಕ್ರವಾಕ, ಫ್ಲೆಮಿಂಗೊ, ಡೆಮೊಸೆಲ್ ಕ್ರೇನ್, ಹೆಸರು ಹಿಡಿಯಲು ಕಷ್ಟವಾಗುವ ಹತ್ತಾರು ಬಗೆಯ ಗದ್ದೆಗೊರವಗಳು. ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನು ದಾಟುವಾಗ 7000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಂಥ ಹಕ್ಕಿ ನಮ್ಮ ಕಡಲೆ ಹೊಲದ ಒಡ್ಡಿನಾಚೆ ಮೇಯುತ್ತಿರುವಾಗ ಅದನ್ನು ಒಂದು ಬೂದು ಚುಕ್ಕೆಯಾಗಿ ನೋಡಿ ಬಸ್ಸು ಹತ್ತುವುದು ನನಗೆ ಸಹಿಸದ ಸಂಗತಿ.

ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂತು ನೋಡುವ ಕಲೆಯನ್ನು ಹೆಚ್ಚು ಬೆಳೆಸಿದವರು ಗುಡ್ಡಗಾಡಿನ ಬೇಟೆಗಾರರು. ಅಮೆರಿಕದ ರಾಕಿ ಪರ್ವತಗಳಲ್ಲಿ, ಯುರೋಪಿನ ಆಲ್ಪ್ಸ್‌ನಲ್ಲಿ ಬೇಟೆಗೆ ಹೋದವರು ದಿನದ ಹೆಚ್ಚು ಹೊತ್ತನ್ನು ನಡಿಗೆಯಲ್ಲಿ ಕಳೆಯುವುದಿಲ್ಲ. ಇಳಿಜಾರಿನಲ್ಲಿ ಬೆನ್ನಿಗೆ ಬಂಡೆ ಕೊಟ್ಟು ಕೂತು, ಎದುರಿನ ಗುಡ್ಡವನ್ನು ಗೇಣು ಗೇಣಾಗಿ ಶೋಧಿಸುತ್ತಾರೆ. ಲಡಾಖಿನ ಹೆಮಿಸ್‌ನಲ್ಲಿ ಹಿಮಚಿರತೆ ತೋರಿಸುವ ಮಾರ್ಗದರ್ಶಕರೂ ಮಾಡುವುದು ಅದನ್ನೇ, ಕೋವಿ ಮಾತ್ರ ಇಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಬಲೆ ಹಾಕುವುದು, ವಿಷವಿಡುವುದು, ಗೂಡು ಮೊಟ್ಟೆ ಹಾಳುಮಾಡುವುದೂ ಆ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ನಾವು ಚಿಗರಿ ಎನ್ನುವ ಕೃಷ್ಣಮೃಗಕ್ಕೆ ಅದರ ಒಂದನೇ ಅನುಸೂಚಿಯ ರಕ್ಷಣೆ ಇದೆ. ಹಾಗಾಗಿ ಬೇಟೆಗಾರನ ಸಾಮಾನಿನಲ್ಲಿ ನಮಗೆ ಸಲ್ಲುವುದು ಗಾಜು ಮಾತ್ರ. ಆದರೆ ಅವನ ತಾಳ್ಮೆಯನ್ನು ಮಾತ್ರ ಪೂರ್ತಿಯಾಗಿ ಕಲಿಯಬೇಕು.

ಈಗ ದಂಡೆಯ ವಿಚಾರ. ಕೃಷ್ಣೆ ನಮ್ಮ ಜಿಲ್ಲೆಯ ದಕ್ಷಿಣದ ಗಡಿಯಲ್ಲಿ ಪಡುವಣದಿಂದ ಮೂಡಣಕ್ಕೆ ಹರಿಯುತ್ತಾಳೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೊಲ್ಹಾರ, ನಿಡಗುಂದಿ ಸೀಮೆಯವರು ಆಲಮಟ್ಟಿ ಹಿನ್ನೀರಿನ ಉತ್ತರ ದಂಡೆಯವರು. ಮುದ್ದೇಬಿಹಾಳದವರೂ ಅಷ್ಟೆ, ನಾರಾಯಣಪುರದ ಬಸವಸಾಗರದ ಹಿನ್ನೀರು ಅವರಿಗೆ ತೆಂಕಣಕ್ಕಿದೆ. ಅಂದರೆ ಈ ಎರಡೂ ಕಡೆಯವರು ನೀರಿಗೆ ಮುಖ ಮಾಡಿದರೆ ದಕ್ಷಿಣಕ್ಕೆ ಮುಖ ಮಾಡಿದಂತೆ. ಹಕ್ಕಿಗಳು ಬರುವ ಡಿಸೆಂಬರ್, ಜನವರಿಯಲ್ಲಿ ಸೂರ್ಯ ಇರುವುದೂ ಅತ್ತಲೇ. ಚಳಿಗಾಲದ ನಡುಹಗಲಿನಲ್ಲಿ ನಮ್ಮ ಅಕ್ಷಾಂಶಕ್ಕೆ ಅವನು ನೆತ್ತಿಗೆ ಬರುವುದಿಲ್ಲ. ದಕ್ಷಿಣದ ಬಾನಂಚಿನಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿ ನಿಂತು ನೀರಿನ ಮೇಲೆಲ್ಲ ಬೆಳ್ಳಿ ಚೆಲ್ಲುತ್ತಾನೆ. ಆ ಝಳಪಿನಲ್ಲಿ ಚಕ್ರವಾಕದ ಕೇಸರಿ ಮೈ, ಹೆಬ್ಬಾತಿನ ತಲೆಯ ಎರಡು ಕಪ್ಪು ಗೀರು, ಎಲ್ಲ ಬರಿಯ ಕರಿ ಆಕಾರಗಳಾಗಿಬಿಡುತ್ತವೆ.

ಭೀಮೆಯ ಕತೆ ಇದಕ್ಕೆ ತಿರುಗುಮುರುಗು. ಇಂಡಿಯ ಬಡಗಣ ಅಂಚಿನಲ್ಲಿ ಭೀಮೆ ಹರಿದರೆ ಆಚೆ ಸೊಲ್ಲಾಪುರ ಜಿಲ್ಲೆ. ಮುಂದೆ ಹಳೆಯ ಸಿಂದಗಿ ತಾಲ್ಲೂಕಿನ ಆಲಮೇಲ ಸೀಮೆಯ ಆಚೆ ಅಫಜಲಪುರ. ಎರಡೂ ಕಡೆ ನಮ್ಮವರದು ದಕ್ಷಿಣದ ದಂಡೆ. ಸೊನ್ನ ಬ್ಯಾರೇಜಿನ ನಿಂತ ನೀರಾಗಲಿ, ಮೇಲಿನ ಬ್ಯಾರೇಜುಗಳ ಮಡುವುಗಳಾಗಲಿ, ನೋಡುವವನ ಬೆನ್ನಿಗೇ ಸೂರ್ಯ. ಎದುರಿನ ಹಕ್ಕಿಯ ಮೇಲೆ ಪೂರ್ತಿ ಬೆಳಕು. ಸಾಧಾರಣ ಗಾಜಿನಲ್ಲೂ ಕರಿಬಿಳಿ ಮಿಂಚುಳ್ಳಿಯ ಎದೆಪಟ್ಟಿ ಎಣಿಸಬಹುದು. ಆದ್ದರಿಂದ ಇಂಡಿ, ಸಿಂದಗಿಯವರು ಕಡಿಮೆ ಬೆಲೆಯ ದುರ್ಬೀನಿನಲ್ಲೂ ಸುಖವಾಗಿರಬಲ್ಲರು. ಕೊಲ್ಹಾರ, ಮುದ್ದೇಬಿಹಾಳದವರು ಇನ್ನೊಂದಿಷ್ಟು ದುಡ್ಡು ಕೂಡಿಟ್ಟು ಒಳ್ಳೆಯ ಲೇಪನದ ಗಾಜು ತೆಗೆದುಕೊಳ್ಳಬೇಕು, ಇಲ್ಲವೇ ಹೊತ್ತು ಬದಲಿಸಬೇಕು: ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ ತಿರುಗಿ ನೋಡುವುದು, ನಡುಹಗಲಿನಲ್ಲಿ ಕೊಲ್ಹಾರದ ಮೊಸರು ಉಂಡು ನೆರಳಿನಲ್ಲಿ ಕೂರುವುದು. ಬಾಗಲಕೋಟೆಯ ಕಡೆಯ ದಂಡೆಗೆ ಸೇತುವೆ ದಾಟಿ ಹೋಗಿ ಉತ್ತರಕ್ಕೆ ಮುಖ ಮಾಡುವುದೂ ಒಂದು ದಾರಿ. ಅದಕ್ಕೆ ಬಸ್ಸಿನ ಚಾರ್ಜು ಬಿಟ್ಟರೆ ಖರ್ಚಿಲ್ಲ.

ಲೇಪನವೆಂದರೆ ಏನು? ಲೇಪವಿಲ್ಲದ ಗಾಜಿನ ಒಂದೊಂದು ಮೈಯಲ್ಲಿ ಸುಮಾರು ನೂರಕ್ಕೆ 4ರಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ದುರ್ಬೀನಿನೊಳಗೆ ಮಸೂರ, ಪಟ್ಟಕ ಸೇರಿ ಇಂಥ ಹತ್ತು ಮೈಗಳಿದ್ದರೆ ಕಣ್ಣಿಗೆ ತಲುಪುವ ಹೊತ್ತಿಗೆ ಮೂರನೇ ಒಂದು ಪಾಲು ಬೆಳಕು ಖೋತಾ. ಖೋತಾ ಆದ ಬೆಳಕು ಸುಮ್ಮನೆ ಮಾಯವಾಗುವುದೂ ಇಲ್ಲ. ನಳಿಕೆಯೊಳಗೆ ಅತ್ತಿತ್ತ ಪುಟಿದು ಚಿತ್ರದ ಮೇಲೆ ಬಿಳಿ ಮಬ್ಬು ಹಾಸುತ್ತದೆ. ಸೂರ್ಯನ ಕಡೆ ನೋಡುವ ಉತ್ತರ ದಂಡೆಯವರಿಗೆ ಕಾಟ ಕೊಡುವುದು ಈ ಮಬ್ಬೇ. ಎಲ್ಲ ಮೈಗೂ ಹಲವು ಪದರ ಲೇಪ ಹಾಕಿದ್ದರೆ ಪೆಟ್ಟಿಗೆಯ ಮೇಲೆ ‘ಫುಲ್ಲಿ ಮಲ್ಟಿಕೋಟೆಡ್’ ಎಂದು ಬರೆದಿರುತ್ತಾರೆ. ಬರಿ ‘ಕೋಟೆಡ್’ ಎಂದಿದ್ದರೆ ಎಲ್ಲೋ ಒಂದೆರಡು ಮೈಗೆ ಒಂದು ಪದರ ಬಳಿದಿದ್ದಾರೆ ಎಂದು ತಿಳಿಯಿರಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮುಂದಿನ ಮಸೂರವನ್ನು ಓರೆಯಾಗಿ ಹಿಡಿದು ನೋಡಿ. ದೀಪದ ಬಿಂಬ ಮಂಕಾದ ಹಸಿರು, ನೇರಳೆ ಛಾಯೆಯಲ್ಲಿ ಕಂಡರೆ ಲೇಪ ಚೆನ್ನಾಗಿದೆ. ಬೆಳ್ಳಗೆ ಹೊಳೆದರೆ ಕೆಳಗಿಡಿ. ಮಾಣಿಕ್ಯದಂತೆ ಕೆಂಪಗೆ ಮಿನುಗುವ ಮಸೂರವಂತೂ ನೋಟಕ್ಕೆ ಚೆಂದ, ಬಳಕೆಗೆ ಬೇಡ. ಕೆಂಪು ಬೆಳಕನ್ನು ಅದು ಹೊರಗೇ ತಳ್ಳುವುದರಿಂದ ಒಳಗಿನ ಚಿತ್ರ ನೀಲಿ ಹಸಿರಿಗೆ ತಿರುಗುತ್ತದೆ. ಫ್ಲೆಮಿಂಗೊದ ಗುಲಾಬಿಯನ್ನೇ ಅದು ನುಂಗಿಬಿಟ್ಟರೆ ಆಲಮಟ್ಟಿಗೆ ಹೋಗಿ ಏನು ನೋಡಿದಂತಾಯಿತು?

ದುರ್ಬೀನಿನ ಮೈಮೇಲೆ 8×42, 10×50 ಎಂದು ಬರೆದಿರುತ್ತದೆ. ಮೊದಲಿನ ಅಂಕಿ ಎಷ್ಟು ಪಟ್ಟು ಹತ್ತಿರಕ್ಕೆ ತರುತ್ತದೆ ಎಂಬುದು. 400 ಮೀಟರ್ ಆಚೆಯ ಹೆಬ್ಬಾತು ಎಂಟು ಪಟ್ಟಿನಲ್ಲಿ 50 ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲಿನದರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 8×42ಕ್ಕೆ ಅದು 5 ಮಿಲಿಮೀಟರಿಗಿಂತ ತುಸು ಹೆಚ್ಚು, 10×42ಕ್ಕೆ 4.2, ಅಂಗೈಯಗಲದ 10×25ಕ್ಕೆ ಎರಡೂವರೆ. ನಟ್ಟಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಯಾವುದಾದರೂ ನಡೆದೀತು. ಆದರೆ ಹೆಬ್ಬಾತುಗಳು ನೀರು ಬಿಟ್ಟು ಹೊಲಕ್ಕೆ ಹಾರುವುದು ನಸುಕಿನಲ್ಲಿ, ಸೆಳೆವ ಹದ್ದುಗಳು ಹುಲ್ಲಿಗೆ ಇಳಿಯುವುದು ಮುಚ್ಚಂಜೆಯಲ್ಲಿ. ಆಗ ಪಾಪೆ ಅರಳಿರುತ್ತದೆ, ಎರಡೂವರೆ ಮಿಲಿಮೀಟರಿನ ಬೆಳಕು ಸಾಲುವುದಿಲ್ಲ.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು 8×42. ಹತ್ತು ಪಟ್ಟು, ಹನ್ನೆರಡು ಪಟ್ಟು ಇರಲಿ ಎಂಬ ಆಸೆ ಸಹಜ. ಆದರೆ ಪಟ್ಟು ಹೆಚ್ಚಿದಂತೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ನೋಟದ ಹರವು ಕಿರಿದಾಗುತ್ತದೆ. ಸಾವಿರ ಮೀಟರ್ ದೂರದಲ್ಲಿ ಎಂಟು ಪಟ್ಟಿನದು 130 ಮೀಟರಿನಷ್ಟು ಅಗಲ ತೋರಿಸಿದರೆ ಹತ್ತು ಪಟ್ಟಿನದು ಸಾಮಾನ್ಯವಾಗಿ 110 ಮೀಟರಿನ ಆಸುಪಾಸು. ಗುರುತಿಗೆ ಮರವಿಲ್ಲದ, ಗಿಡವಿಲ್ಲದ ನಮ್ಮ ಎರಿ ಬಯಲಿನಲ್ಲಿ, ಬರಿಗಣ್ಣಿಗೆ ಕಂಡ ಚಿಗರಿ ಹಿಂಡನ್ನು ದುರ್ಬೀನಿನೊಳಗೆ ಹುಡುಕಿ ಹಿಡಿಯಲು ಈ ಹರವೇ ಆಸರೆ. ಇನ್ನು 20 ಪಟ್ಟು, 30 ಪಟ್ಟು ಎಂದು ಬರೆದ, ಕೈಯಲ್ಲಿ ಹಿಡಿಯುವ ಝೂಮ್ ದುರ್ಬೀನುಗಳಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ಎರಡು ನಳಿಕೆಗಳ ಝೂಮ್ ಒಂದೇ ಹದಕ್ಕೆ ಕೂಡುವುದು ಅಗ್ಗದ ಮಾಲಿನಲ್ಲಿ ಆಗದ ಕೆಲಸ. ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ.

ಎರಿ ಭೂಮಿಗೆ ಇನ್ನೊಂದು ಗುಣವಿದೆ. ಕಪ್ಪು ಮಣ್ಣು ಬಿಸಿಲನ್ನು ಬೇಗ ಹೀರಿ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಕುದಿಯುವ ನೀರಿನಂತೆ ತಳಮಳಿಸುತ್ತದೆ. ಚಳಿಗಾಲದಲ್ಲೂ ಹತ್ತು ಗಂಟೆಯ ಮೇಲೆ ದೂರದ ಹೊಲ ಅಲುಗತೊಡಗುತ್ತದೆ, ಮಾರ್ಚ್ ಆದಮೇಲೆ ಕೇಳುವುದೇ ಬೇಡ. ಈ ತಳಮಳವನ್ನು ಯಾವ ಕಂಪನಿಯ ಗಾಜೂ ನಿಲ್ಲಿಸಲಾರದು. ಪಟ್ಟು ಹೆಚ್ಚಿದಷ್ಟೂ ಅದೂ ಹೆಚ್ಚಾಗಿ ಕಾಣುತ್ತದೆ. ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ಲಕ್ಷ ರೂಪಾಯಿಯ ಸ್ಪಾಟಿಂಗ್ ಸ್ಕೋಪ್ ತಂದು ಮಧ್ಯಾಹ್ನ ಎರಡು ಗಂಟೆಗೆ ಸಿಂದಗಿಯ ತೊಗರಿ ಹೊಲದಾಚೆ ತಿರುಗಿಸಿದರೆ ಕಾಣುವುದು ಅಲೆಗಳೇ. ನೀರಿನ ಮೇಲೆ ಗಾಳಿ ಇಷ್ಟು ಕಾಯುವುದಿಲ್ಲ. ಆದ್ದರಿಂದ ಹೊತ್ತೇರಿದ ಮೇಲೆ ನೋಡಲೇಬೇಕೆಂದಿದ್ದರೆ ನೀರಿನ ತೀರ ಅಂಚಿಗೆ ಹೋಗಿ, ನಿಮಗೂ ಹಕ್ಕಿಗೂ ನಡುವೆ ನೀರಷ್ಟೇ ಇರುವಂತೆ ನಿಲ್ಲಿ.

ಬೆಲೆಗೆ ಬರೋಣ. ಪಟ್ಟಕಗಳ ಜೋಡಣೆಯಲ್ಲಿ ಎರಡು ಬಗೆ. ಇಟಲಿಯ ಇನ್ಯಾಸಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಹಳೆಯ ಬಗೆ, ಭುಜ ಉಬ್ಬಿದಂತೆ ಕಾಣುತ್ತದೆ. ನೇರ ನಳಿಕೆಯ ಹೊಸ ಬಗೆ ರೂಫ್ ಪ್ರಿಸಂ. ನೇರ ನಳಿಕೆಯದು ಹಗುರ, ಕೈಗೆ ಒಪ್ಪುತ್ತದೆ, ನೀರು ದೂಳಿಗೆ ಭದ್ರಪಡಿಸುವುದು ಸುಲಭ. ಆದರೆ ಅದರ ಪಟ್ಟಕವನ್ನು ತೀರ ಕರಾರುವಾಕ್ಕಾಗಿ ಉಜ್ಜಬೇಕು, ಒಳ್ಳೆಯ ಚಿತ್ರಕ್ಕೆ ಬೇರೆ ಲೇಪವೂ ಬೇಕು. ಹೀಗಾಗಿ ಹತ್ತು ಸಾವಿರ ರೂಪಾಯಿಯ ಒಳಗೆ ಕೈ ಇದ್ದರೆ ಪೊರೊ ಬಗೆಯದನ್ನೇ ತೆಗೆದುಕೊಳ್ಳಿ. ಅದೇ ದುಡ್ಡಿಗೆ ಹೆಚ್ಚು ಸ್ಪಷ್ಟ ಚಿತ್ರ ಸಿಗುತ್ತದೆ. ನಿಕಾನ್‌ನ ಅಕ್ಯುಲಾನ್ 8×42 ಈ ಬಗೆಯದು, ಮುಕ್ಕಾಲು ಕಿಲೋ ಭಾರ. ನೀರು ಬಿದ್ದರೆ ತಡೆಯದು ಎಂಬುದೊಂದು ಕೊರತೆ. ಇನ್ನು ಐದಾರು ಸಾವಿರ ಕೂಡಿಸಬಲ್ಲವರು ನಿಕಾನ್ ಪ್ರೊಸ್ಟಾಫ್ ಪಿ3, ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್‌ನಂಥ ನೇರ ನಳಿಕೆಯವನ್ನು ನೋಡಬಹುದು. ಇವು ನೀರಿಗೆ ಹೆದರುವುದಿಲ್ಲ, ಕನ್ನಡಕ ಹಾಕಿದವರಿಗೂ ಒಗ್ಗುತ್ತವೆ. ಬೆಲೆ ಆಗಾಗ ಏರಿಳಿಯುವುದರಿಂದ ಕೊಳ್ಳುವ ದಿನ ಎರಡು ಕಡೆ ವಿಚಾರಿಸಿ. ಉತ್ತರ ದಂಡೆಯವರಿಗೆ ಈ ಐದಾರು ಸಾವಿರ ವ್ಯರ್ಥವಲ್ಲ. ಭೀಮಾ ತೀರದವರು ಅದನ್ನು ಉಳಿಸಿ ಒಂದು ಒಳ್ಳೆಯ ಹಕ್ಕಿ ಪುಸ್ತಕ ತರಬಹುದು.

ಕನ್ನಡಕದವರು ಒಂದು ಅಂಕಿ ಕೇಳಲೇಬೇಕು: ಕಣ್ಣಿಗೂ ಹಿಂದಿನ ಮಸೂರಕ್ಕೂ ಎಷ್ಟು ಅಂತರವಿಟ್ಟರೂ ಪೂರ್ತಿ ಚಿತ್ರ ಕಾಣುತ್ತದೆ ಎಂಬುದು. ಅದು 15 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ. ಅಕ್ಯುಲಾನ್ ಈ ವಿಚಾರದಲ್ಲಿ ಹಿಂದೆ.

ಅಂಗಡಿಯಲ್ಲಿ ಐದು ನಿಮಿಷ ಕೊಡಿ ಎಂದು ಕೇಳಲು ಸಂಕೋಚ ಬೇಡ. ದುರ್ಬೀನನ್ನು ತೋಳಳತೆಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸಿ, ಹಿಂದಿನ ಮಸೂರದಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ಅದು ದುಂಡಗಿದ್ದರೆ ಪಟ್ಟಕದ ಗಾಜು ಒಳ್ಳೆಯದು, ‘ಬಿಎಕೆ4’ ಎಂದು ಹೇಳುವುದು ಇದನ್ನೇ. ಅಂಚು ಬೂದಾಗಿ ಚೌಕಕ್ಕೆ ತಿರುಗಿದ್ದರೆ ಅಗ್ಗದ ಗಾಜು. ಆಮೇಲೆ ಹೊರಗೆ ಬಂದು ದೂರದ ಕರೆಂಟು ಕಂಬ ನೋಡಿ. ಮೊದಲು ಬಲ ಮಸೂರ ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿಮಾಡಿ, ನಂತರ ಎಡ ಮಸೂರ ಮುಚ್ಚಿ ಬಲಗಡೆಯ ಡಯಾಪ್ಟರ್ ಬಳೆಯನ್ನಷ್ಟೇ ತಿರುಗಿಸಿ ಬಲಗಣ್ಣಿಗೆ ಸರಿಮಾಡಿ. ಈ ಬಳೆಯ ಉಪಯೋಗ ತಿಳಿಯದೆ ವರ್ಷಗಟ್ಟಲೆ ಮಸುಕಾಗಿ ನೋಡುತ್ತ, ‘ನನ್ನ ಕಣ್ಣs ಸರಿ ಇಲ್ಲ’ ಎಂದುಕೊಂಡವರನ್ನು ಬಲ್ಲೆ. ಈಗ ಎರಡೂ ಕಣ್ಣು ತೆರೆದು ನೋಡಿದಾಗ ಕಂಬ ಎರಡಾಗಿ ಕಂಡರೆ, ಅಥವಾ ಕಣ್ಣು ಎಳೆದಂತಾದರೆ, ನಳಿಕೆಗಳು ಸಾಲು ತಪ್ಪಿವೆ. ಅದು ಎಷ್ಟೇ ಅಗ್ಗವಾಗಿದ್ದರೂ ಬೇಡ. ಹಳೆಯ ಮಾಲು ಕೊಳ್ಳುವವರಿಗೂ ಇದೇ ಪರೀಕ್ಷೆ. ಬಿದ್ದ ದುರ್ಬೀನಿನ ಮೊದಲ ಗಾಯ ಇಲ್ಲಿಯೇ ಕಾಣುವುದು.

ಸ್ಪಾಟಿಂಗ್ ಸ್ಕೋಪ್ ಬೇಕೇ ಎಂದು ಕೇಳುತ್ತಾರೆ. ಮೊದಲ ಸಲಕ್ಕೆ ಬೇಡ, ಒಬ್ಬರಿಗೇ ಬೇಡ. ಅದರ ಕೆಲಸ ಏನೆಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಓದಿ ತಿಳಿಸಿದರೆ ಆ ಹಕ್ಕಿ ಎಲ್ಲಿಂದ ಹೊರಟಿತು, ಯಾವ ವರ್ಷ ಎಲ್ಲಿ ತಂಗಿತ್ತು ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ಅಕ್ಷರ ಎರಡು ಸೆಂಟಿಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳಿ. ಎಂಟು ಪಟ್ಟಿನ ದುರ್ಬೀನಿನಲ್ಲಿ ಅದನ್ನು ಓದಲು ಹಕ್ಕಿಗೆ ನೂರು ಮೀಟರ್ ಹತ್ತಿರ ಹೋಗಬೇಕು, ಅಷ್ಟರಲ್ಲಿ ಹಿಂಡು ಎದ್ದಿರುತ್ತದೆ. ಮೂವತ್ತು ಪಟ್ಟಿನ ಸ್ಕೋಪಿನಲ್ಲಿ ಮುನ್ನೂರು ಮೀಟರಿನಿಂದ ಓದಬಹುದು, ಹಕ್ಕಿಗೆ ನೀವು ಬಂದದ್ದೇ ಗೊತ್ತಾಗದು. ಇದು ಸಣ್ಣ ಲಾಭವಲ್ಲ. ಆದರೆ ಸ್ಕೋಪಿಗೆ ಗಟ್ಟಿ ಟ್ರೈಪಾಡ್ ಇಲ್ಲದಿದ್ದರೆ ಅದು ಸತ್ತ ಸರಕು. ನಮ್ಮ ಬಯಲಿನ ಗಾಳಿಗೆ ಮೊಬೈಲಿಗೆಂದು ಮಾಡಿದ ಕಡ್ಡಿಕಾಲಿನ ಟ್ರೈಪಾಡ್ ತಾಳದು. ಬಜೆಟ್ಟಿನ ಕಾಲು ಭಾಗವನ್ನಾದರೂ ಅದಕ್ಕೆ ತೆಗೆದಿಡಿ. 20–60×60 ಎಂಬ ಸ್ಕೋಪಿನ 60 ಪಟ್ಟನ್ನು ನಂಬಿ ಕೊಳ್ಳಬೇಡಿ. ಅಲ್ಲಿ ಬೆಳಕಿನ ಬಿಲ್ಲೆ ಒಂದೇ ಮಿಲಿಮೀಟರ್, ಚಿತ್ರ ಕತ್ತಲೆ. ಬಳಸುವುದು 20ರಿಂದ 30ರ ನಡುವೆಯೇ.

ಸ್ಕೋಪನ್ನು ಒಂದು ಪ್ರೌಢಶಾಲೆ, ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ, ಇಲ್ಲವೇ ನಾಲ್ಕೈದು ಗೆಳೆಯರು ಸೇರಿ ಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹಿನ್ನೀರಿನ ಅಂಚಿನ ಶಾಲೆಯ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಕಣ್ಣಿಟ್ಟು, ಫ್ಲೆಮಿಂಗೊ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಸೋಸುವುದನ್ನು ಒಂದು ಸಲ ನೋಡಿದರೆ ಸಾಕು. ಆ ನೀರಿಗೆ ಬಲೆ ಹಿಡಿದು ಬರುವವರನ್ನು ತಡೆಯುವವರು ಮುಂದೆ ಅವರೇ ಆಗುತ್ತಾರೆ.

ಸಾಮಾನು ಬಂದಮೇಲೆ ನೋಡುವ ಬಗೆ. ಫೆಬ್ರುವರಿಯ ಹೊತ್ತಿಗೆ ಆಲಮಟ್ಟಿಯ ನೀರು ಇಳಿದು, ಮುಳುಗಿದ ಹೊಲಗಳು ಬಿರುಕುಬಿಟ್ಟ ಕೆಸರಾಗಿ ಮೇಲೇಳುತ್ತವೆ, ಹಕ್ಕಿಗಳು ನೀರಿನ ಹಿಂದೆಯೇ ಸರಿಯುತ್ತವೆ. ಅವುಗಳ ಬೆನ್ನುಹತ್ತಿ ನಡೆದರೆ ಅವು ಇನ್ನೂ ಸರಿಯುತ್ತವೆ. ಒಡ್ಡಿನ ಮರೆಯಲ್ಲಿ ಕೂತುಬಿಡಿ. ಮೊಣಕೈಗಳನ್ನು ಮಡಿಸಿದ ಮೊಣಕಾಲಿನ ಮೇಲೆ ಊರಿ, ಟೋಪಿಯ ಅಂಚನ್ನು ಹೆಬ್ಬೆರಳಿನಿಂದ ದುರ್ಬೀನಿಗೆ ಒತ್ತಿ ಹಿಡಿದರೆ ನಡುಕ ಅರ್ಧಕ್ಕೆ ಇಳಿಯುತ್ತದೆ. ದುರ್ಬೀನನ್ನು ಬಯಲಿನುದ್ದ ಸರಸರ ಓಡಿಸಬೇಡಿ. ಒಂದು ಕಡೆ ನಿಲ್ಲಿಸಿ, ಚಿತ್ರದೊಳಗೆ ಕಣ್ಣನ್ನಷ್ಟೇ ಓಡಿಸಿ, ಆಮೇಲೆ ಅರ್ಧ ಚಿತ್ರದಷ್ಟು ಪಕ್ಕಕ್ಕೆ ಸರಿಸಿ ಮತ್ತೆ ನಿಲ್ಲಿಸಿ. ಮೊದಲ ಸುತ್ತಿನಲ್ಲಿ ಬರಿ ಕೆಸರು ಕಂಡ ಜಾಗದಲ್ಲಿ ಎರಡನೆಯ ಸುತ್ತಿಗೆ ಗದ್ದೆಗೊರವ ಕಾಲೆತ್ತುತ್ತದೆ, ಮೂರನೆಯ ಸುತ್ತಿಗೆ ಅದರ ಪಕ್ಕದ ಹೆಂಟೆ ಟಿಟ್ಟಿಭವಾಗಿ ಎದ್ದು ನಿಲ್ಲುತ್ತದೆ. ಗುಡ್ಡದ ಬೇಟೆಗಾರರು ಕಲಿಸಿದ್ದು ಈ ಸುತ್ತುಗಳನ್ನೇ.

ಹೊಲಕ್ಕೆ ಕಾಲಿಡುವ ಮುನ್ನ ಹೊಲದವರನ್ನು ಕೇಳಿ. ಚಿಗರಿ ಹಿಂಡು ಒಂದು ರಾತ್ರಿಯಲ್ಲಿ ಕಡಲೆ ಮೇಯ್ದು ಹೋದ ಬೆಳಿಗ್ಗೆ, ‘ಯಪ್ಪಾ, ಎಷ್ಟ ಚಂದ ಅದಾವ’ ಎಂದು ದುರ್ಬೀನು ಹಿಡಿದು ಬಂದವನನ್ನು ಕಂಡರೆ ರೈತನಿಗೆ ಹೊಟ್ಟೆ ಉರಿಯುವುದು ನ್ಯಾಯವೇ. ಅವರ ಕೈಗೂ ದುರ್ಬೀನು ಕೊಡಿ. ಎಲ್ಲಿ ನೀರು ಕುಡಿಯುತ್ತವೆ, ಯಾವ ಹೊತ್ತಿಗೆ ಎತ್ತ ಹೋಗುತ್ತವೆ ಎಂಬುದು ಅವರಿಗೆ ತಿಳಿದಷ್ಟು ಯಾರಿಗೂ ತಿಳಿಯದು. ಅಣೆಕಟ್ಟಿನ ಮೇಲೆ ಮಾತ್ರ ದುರ್ಬೀನು ಹಿಡಿದು ನಿಲ್ಲಬೇಡಿ, ಅದು ಕಾವಲಿರುವ ಜಾಗ. ಸೂರ್ಯನ ಕಡೆ ಎಂದಿಗೂ ತಿರುಗಿಸಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಉತ್ತರ ದಂಡೆಯ ಮಕ್ಕಳಿಗೆ ಇದನ್ನು ಎರಡೆರಡು ಸಲ ಹೇಳಬೇಕು. ಮನೆಗೆ ಬಂದಮೇಲೆ ಮಸೂರದ ಮೇಲಿನ ಎರಿ ದೂಳನ್ನು ಟಾವೆಲ್ಲಿನಿಂದ ತಿಕ್ಕಬೇಡಿ. ಮೊದಲು ರಬ್ಬರಿನ ಬುಗ್ಗೆಯಿಂದ ಊದಿ, ಮೆತ್ತನೆಯ ಕುಂಚದಿಂದ ಝಾಡಿಸಿ, ಕೊನೆಗೆ ಕನ್ನಡಕದ ಬಟ್ಟೆ. ಆ ದೂಳಿನ ಹರಳು ಲೇಪವನ್ನು ಗೀರಿಬಿಟ್ಟರೆ ನೀವು ಕೂಡಿಟ್ಟು ಕೊಟ್ಟ ಐದಾರು ಸಾವಿರ ಅಲ್ಲಿಗೆ ಮುಗಿಯಿತು.

ಪ್ರತಿ ಜನವರಿಯಲ್ಲಿ ಏಷ್ಯಾದುದ್ದಕ್ಕೂ ನೀರಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ಸ್ವಯಂಸೇವಕರೇ ಎಣಿಸಿಕೊಂಡು ಬಂದಿದ್ದಾರೆ. ಕೊಲ್ಹಾರದಲ್ಲಿ ಎಷ್ಟು ಹೆಬ್ಬಾತು, ಸೊನ್ನದಲ್ಲಿ ಎಷ್ಟು ಚಕ್ರವಾಕ, ಬಸವಸಾಗರದ ಮೇಲೆ ಎಷ್ಟು ಫ್ಲೆಮಿಂಗೊ ಎಂದು ಎಣಿಸಲು ಬೇರೆ ಊರಿನವರು ಬರುವವರೆಗೆ ಕಾಯಬೇಕಿಲ್ಲ. ದುರ್ಬೀನನ್ನು ನವೆಂಬರಿನಲ್ಲೇ ತನ್ನಿ, ಡಿಸೆಂಬರಿನಲ್ಲಿ ಮನೆಯ ಹತ್ತಿರದ ಕೆರೆಯಲ್ಲಿ ಬೆಳ್ಳಕ್ಕಿ ಎಣಿಸಿ ಕೈ ಪಳಗಿಸಿಕೊಳ್ಳಿ. ಎಣಿಕೆಯ ಪಕ್ಕದಲ್ಲಿ ಯಾವ ದಂಡೆಯಿಂದ, ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನೂ ಬರೆದಿಡಿ.